ತೆಳು ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ: ಮೊದಲು ಕೆಲಸ, ಆಮೇಲೆ ಓಎಸ್, ಕೊನೆಗೆ ಮೆಷಿನ್

"ಮಾಮ, ಒಂದೇಕಾಲು ಕೆಜಿ ಅಷ್ಟೇ, ಒಂದೇ ಕೈಯಲ್ಲಿ ಎತ್ತಬಹುದು, ನೀಲಿ ಕಲರ್ ಬೇರೆ, ತಗೊಂಡ್ಬಿಡ್ಲಾ?" ಅಂತ ಅಕ್ಕನ ಮಗಳು ಬಿ.ಎಚ್. ರಸ್ತೆಯ ಅಂಗಡಿಯೊಳಗಿಂದಲೇ ಫೋನ್ ಮಾಡಿದ್ದಳು. ಅವಳಿಗೆ ಇಲ್ಲೇ ತುಮಕೂರಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ, ಎಲೆಕ್ಟ್ರಾನಿಕ್ಸ್ ಬ್ರಾಂಚ್. "ಲ್ಯಾಬಲ್ಲಿ ಯಾವ ಸಾಫ್ಟ್‌ವೇರ್ ಬಳಸ್ತಾರಂತೆ?" ಅಂದೆ. ಗೊತ್ತಿಲ್ಲ ಅಂದಳು. ಪ್ರೊಸೆಸರ್ ಯಾವುದು ಅಂದೆ. ಅಂಗಡಿ ಹುಡುಗನನ್ನು ಕೇಳಿ "ಸ್ನ್ಯಾಪ್‌ಡ್ರ್ಯಾಗನ್" ಅಂದಳು. "ಹಾಗಾದ್ರೆ ಇವತ್ತು ಬೇಡ, ಮನೆಗೆ ಬಾ" ಅಂದೆ. ಕೋಪ ಬಂತು ಅವಳಿಗೆ. ಆ ಸಂಜೆ ಅವಳನ್ನು ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ವಾರಕ್ಕೊಬ್ಬರಾದರೂ ಇದೇ ಪ್ರಶ್ನೆ ಹಿಡಿದು ಬರುತ್ತಾರೆ.

ಸ್ಕೂಲ್ ಯೂನಿಫಾರ್ಮ್ ಹೊಲಿಸುವಾಗ ಅಮ್ಮಂದಿರು ಟೈಲರ್‌ಗೆ "ಒಳಗೆ ಸ್ವಲ್ಪ ಬಟ್ಟೆ ಬಿಡಪ್ಪ" ಅಂತ ಹೇಳುತ್ತಾರಲ್ವಾ? ಮಗು ಬೆಳೆದರೆ ಹೊಲಿಗೆ ಬಿಚ್ಚಿ ಉದ್ದ ಮಾಡಬಹುದು ಅಂತ. ಹಳೆಯ ದಪ್ಪ ಲ್ಯಾಪ್‌ಟಾಪ್‌ಗಳಲ್ಲಿ ಹೀಗೆ ಒಳಗೆ ಬಟ್ಟೆ ಇರುತ್ತಿತ್ತು. ನಾಲ್ಕು ಸ್ಕ್ರೂ ಬಿಚ್ಚಿ, ತೆರೆದ ಕೆಲಸಗಳನ್ನು ಹಿಡಿದಿಡುವ ಇನ್ನೊಂದು ರ‍್ಯಾಮ್ ಸಿಕ್ಕಿಸಿದರೆ ಇನ್ನೆರಡು ವರ್ಷ ಓಡುತ್ತಿತ್ತು. ಬಹಳಷ್ಟು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಆ ಬಟ್ಟೆ ಇಲ್ಲ. ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ನಾನು 2020ರಲ್ಲಿ ಲಾಕ್‌ಡೌನ್ ಗಡಿಬಿಡಿಯಲ್ಲಿ ಒಂದು ಕಂಪನಿಯ 8 ಜಿಬಿ ಲ್ಯಾಪ್‌ಟಾಪ್ ತಗೊಂಡೆ, ತೂಕ ನೋಡಿ ಮರುಳಾಗಿ. ಮೂರು ವರ್ಷಕ್ಕೆ ಒಂದು ವಿಡಿಯೋ ಕಾಲ್, ಒಂದು ಎಕ್ಸೆಲ್, ಹತ್ತು ಬ್ರೌಸರ್ ಟ್ಯಾಬ್ ತೆರೆದರೆ ಉಸಿರುಗಟ್ಟಿದ ಹಾಗೆ ಆಡತೊಡಗಿತು. ರಿಪೇರಿ ಹುಡುಗ ತಳ ಬಿಚ್ಚಿ, "ಸಾರ್, ಇಲ್ಲಿ ಸ್ಲಾಟೇ ಇಲ್ಲ" ಅಂತ ತೋರಿಸಿದ. ಪ್ರೊಸೆಸರ್ ಚೆನ್ನಾಗಿತ್ತು, ಸ್ಕ್ರೀನ್ ಚೆನ್ನಾಗಿತ್ತು, ರ‍್ಯಾಮ್ ಒಂದಕ್ಕಾಗಿ ಇಡೀ ಮೆಷಿನ್ ಮೂಲೆ ಸೇರಿತು.

ಹಾಗಾಗಿ ತೆಳು ಲ್ಯಾಪ್‌ಟಾಪ್‌ನಲ್ಲಿ ಕೊಳ್ಳುವ ದಿನದ ಯೋಚನೆಯೇ ಎಲ್ಲ. ಆ ಯೋಚನೆಯನ್ನು ಜನ ತೂಕ, ಬಣ್ಣ, ಬೆಲೆಯಿಂದ ಶುರು ಮಾಡುತ್ತಾರೆ. ನೀವು ಹಿಂದಿನಿಂದ ಬನ್ನಿ: ಮೊದಲು ನಿಮ್ಮ ಕೆಲಸ, ಆಮೇಲೆ ಓಎಸ್ (ಆಪರೇಟಿಂಗ್ ಸಿಸ್ಟಂ, ಅಂದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಥರದ್ದು), ಕೊನೆಗೆ ಮೆಷಿನ್.

ಒಂದು ಹಾಳೆ ತಗೊಂಡು, ಬಿಟ್ಟಿರಲಾಗದ ಪ್ರೋಗ್ರಾಂಗಳು ಮತ್ತು ಚುಚ್ಚಲೇಬೇಕಾದ ಸಾಮಾನುಗಳನ್ನು ಬರೆಯಿರಿ. ಬ್ರೌಸರ್, ವಾಟ್ಸಾಪ್, ಯೂಟ್ಯೂಬ್ ಬರೆಯಬೇಡಿ, ಅವು ಎಲ್ಲಿ ಬೇಕಾದರೂ ಓಡುತ್ತವೆ. ನಮ್ಮ ಪಕ್ಕದ ಮನೆಯವರು ಟ್ಯಾಕ್ಸ್ ಫೈಲಿಂಗ್ ಮಾಡುತ್ತಾರೆ, ಅವರ ಹಾಳೆಯಲ್ಲಿ ಬಂದದ್ದು ಲೆಕ್ಕ ಬರೆಯುವ ಟ್ಯಾಲಿ, ಡಿಜಿಟಲ್ ಸಹಿ ಹಾಕುವ ಡಿಎಸ್‌ಸಿ ಟೋಕನ್, ಒಂದು ಹಳೇ ಪ್ರಿಂಟರ್. ಟ್ಯಾಲಿ ವಿಂಡೋಸ್ ಪ್ರೋಗ್ರಾಂ, ಅಲ್ಲಿಗೆ ಅರ್ಧ ತೀರ್ಮಾನ ಆಗಿಹೋಯಿತು. ಅಕ್ಕನ ಮಗಳು ಸೀನಿಯರ್‌ಗಳನ್ನು ಕೇಳಿಕೊಂಡು ಬಂದಳು, ಮೈಕ್ರೋಕಂಟ್ರೋಲರ್ ಲ್ಯಾಬ್‌ಗೆ ಕೈಲ್ ಅನ್ನುವ ಸಾಫ್ಟ್‌ವೇರ್ ಬೇಕಂತೆ, ಅದೂ ವಿಂಡೋಸ್. ಮೆಕ್ಯಾನಿಕಲ್ ಹುಡುಗರಿಗೆ ಸಾಲಿಡ್‌ವರ್ಕ್ಸ್ ಇದ್ದರೆ ಅದೂ ಅಷ್ಟೇ. ಮ್ಯಾಟ್‌ಲ್ಯಾಬ್ ಮಾತ್ರ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸಿಗುತ್ತದೆ. ಕಂಪ್ಯೂಟರ್ ಸೈನ್ಸ್‌ನವರು ಪುಣ್ಯವಂತರು, ಅವರಿಗೆ ಯಾವುದಾದರೂ ನಡೆಯುತ್ತದೆ.

ಕನ್ನಡದ ಕೆಲಸ ಇರುವವರು ಇನ್ನೊಂದು ಸಾಲು ಬರೆಯಬೇಕು. ಸರ್ಕಾರಿ ಕಚೇರಿಗೆ, ಪ್ರೆಸ್ಸಿಗೆ ಟೈಪ್ ಮಾಡಿಕೊಡುವವರ ಹತ್ತಿರ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಮಾಡಿದ ಹಳೇ ಫೈಲ್‌ಗಳು ರಾಶಿ ಇರುತ್ತವೆ. ನುಡಿ ಫಾಂಟ್ ಇಲ್ಲದ ಕಡೆ ಆ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿ ಚೆಲ್ಲಿದ ಹಾಗೆ ಕಾಣುತ್ತದೆ, ಯಾಕೆಂದರೆ ಅದು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ದಿನಾ ಅಂಥ ಫೈಲ್ ತಿದ್ದುವವರು ವಿಂಡೋಸ್ ಬಿಟ್ಟು ಕದಲಬೇಡಿ. ಬರೀ ಹೊಸದಾಗಿ ಯೂನಿಕೋಡ್‌ನಲ್ಲಿ ಬರೆಯುವುದಾದರೆ ಭಯ ಬೇಡ. ಮ್ಯಾಕ್‌ನಲ್ಲಿ ಕನ್ನಡ ಇನ್‌ಸ್ಕ್ರಿಪ್ಟ್ ಮತ್ತು ಕ್ವರ್ಟಿ ಎರಡೂ ಕೀಲಿಮಣೆ ಮೊದಲೇ ಇವೆ. ಲಿನಕ್ಸ್‌ನಲ್ಲಿ ಟೈಪಿಂಗ್ ನೋಡಿಕೊಳ್ಳುವ ಐಬಸ್ ಜೊತೆ ಎಂ17ಎನ್ ಅನ್ನುವ ಪ್ಯಾಕೇಜ್ ಹಾಕಿಕೊಂಡರೆ ನುಡಿಯವರ ಕೆಜಿಪಿ ಕೀಲಿಮಣೆ ವಿನ್ಯಾಸವೇ ಸಿಗುತ್ತದೆ, ಬೆರಳಿಗೆ ಹೊಸ ಪಾಠ ಬೇಡ. ನಾನು ಇದನ್ನೂ ಹಾಗೇ ಟೈಪ್ ಮಾಡುತ್ತಿದ್ದೇನೆ.

ಈಗ ಓಎಸ್. ವಿಂಡೋಸ್ ಅಂದರೆ ಇವತ್ತು ಎರಡು ವಿಂಡೋಸ್, ಇದನ್ನು ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಒಂದು ಇಂಟೆಲ್ ಅಥವಾ ಎಎಂಡಿ ಚಿಪ್‌ನ ಮೇಲೆ ಓಡುವ ಮಾಮೂಲಿ ವಿಂಡೋಸ್. ಇನ್ನೊಂದು ಸ್ನ್ಯಾಪ್‌ಡ್ರ್ಯಾಗನ್ ಥರದ ಆರ್ಮ್ ಚಿಪ್‌ನ ಮೇಲೆ ಓಡುವುದು. 2024ರ ಜೂನ್‌ನಿಂದ ಕೋಪೈಲಟ್ ಪ್ಲಸ್ ಅನ್ನುವ ಹೆಸರಿನಲ್ಲಿ ಬಂದ ಮೊದಲ ಲ್ಯಾಪ್‌ಟಾಪ್‌ಗಳು ಈ ಎರಡನೇ ಜಾತಿಯವು. ಬ್ಯಾಟರಿ ಚೆನ್ನಾಗಿ ಬರುತ್ತದೆ, ಬಿಸಿ ಕಡಿಮೆ, ಚಾರ್ಜರ್ ತೆಗೆದರೂ ವೇಗ ಅಷ್ಟೇನೂ ಇಳಿಯುವುದಿಲ್ಲ. ಇಂಟೆಲ್‌ಗಾಗಿ ಬರೆದ ಪ್ರೋಗ್ರಾಂಗಳನ್ನು ಅದು ಒಳಗೊಳಗೇ ಅನುವಾದ ಮಾಡಿಕೊಂಡು ಓಡಿಸುತ್ತದೆ, ಬಹಳಷ್ಟು ಓಡುತ್ತವೆ ಕೂಡ. ಆದರೆ ಹೊರಗಿನ ಸಾಮಾನನ್ನು ಮೆಷಿನ್ ಜೊತೆ ಮಾತಾಡಿಸುವ ಡ್ರೈವರ್‌ಗಳಿಗೆ ಈ ಅನುವಾದ ನಡೆಯುವುದಿಲ್ಲ. ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ, ಲ್ಯಾಬ್ ಬೋರ್ಡಿಗೆ ಪ್ರೋಗ್ರಾಂ ಇಳಿಸುವ ಡಬ್ಬಿ, ಇವಕ್ಕೆ ಆರ್ಮ್‌ಗಾಗಿಯೇ ಬರೆದ ಡ್ರೈವರ್ ಇದ್ದರೆ ಸರಿ, ಇಲ್ಲದಿದ್ದರೆ ಸುಮ್ನೆ ಪ್ಲಗ್ ನೋಡಿಕೊಂಡು ಕೂರಬೇಕು. ಹತ್ತು ವರ್ಷದ ಹಿಂದಿನ ಪ್ರಿಂಟರ್‌ಗೆ ಯಾವ ಕಂಪನಿ ಕೂತು ಹೊಸ ಡ್ರೈವರ್ ಬರೆಯುತ್ತದೆ ಹೇಳಿ? ಅಕ್ಕನ ಮಗಳನ್ನು ಅಂಗಡಿಯಿಂದ ವಾಪಸ್ ಕರೆಸಿದ್ದು ಇದಕ್ಕೇ. ಅದೇ ನೀಲಿ ಲ್ಯಾಪ್‌ಟಾಪ್ ಬರೀ ಬರವಣಿಗೆ, ಮೀಟಿಂಗ್, ಬ್ರೌಸರ್ ಇರುವವರಿಗೆ ಒಳ್ಳೆಯ ಆಯ್ಕೆ.

ಮ್ಯಾಕ್‌ಬುಕ್ ಏರ್ ಬಗ್ಗೆ ಕೇಳುವವರು ಹೆಚ್ಚು. 2020ರ ನವೆಂಬರ್‌ನಲ್ಲಿ ಆಪಲ್‌ನ ಸ್ವಂತ ಚಿಪ್ ಎಂ1 ಬಂದಾಗಿನಿಂದ ಅದರೊಳಗೆ ಫ್ಯಾನ್ ಇಲ್ಲ, ಸದ್ದೂ ಇಲ್ಲ, ಮುಚ್ಚಿಟ್ಟು ಎರಡು ದಿನ ಬಿಟ್ಟು ತೆಗೆದರೆ ಬ್ಯಾಟರಿ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಈ ಮುಚ್ಚಿ ತೆಗೆಯುವ ವಿಷಯದಲ್ಲಿ ಅದನ್ನು ಮೀರಿಸಿದ್ದನ್ನು ನಾನು ನೋಡಿಲ್ಲ. ಆದರೆ ಅದರಲ್ಲಿ ರ‍್ಯಾಮೂ ಬೆಸುಗೆ, ಸ್ಟೋರೇಜೂ ಬೆಸುಗೆ. 2024ರ ಅಕ್ಟೋಬರ್‌ವರೆಗೆ ಕಡಿಮೆ ಬೆಲೆಯ ಏರ್ 8 ಜಿಬಿಯಲ್ಲೇ ಬರುತ್ತಿತ್ತು, ಆಮೇಲೆ 16ಕ್ಕೆ ಏರಿಸಿದರು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ತಾರೀಖು ನೆನಪಿಡಿ. ಎರಡು ಹೊರಗಿನ ಮಾನಿಟರ್ ಬೇಕು ಅನ್ನುವವರಿಗೆ ಎಂ1, ಎಂ2 ಏರ್ ಬೇಡ, ಅವು ಒಂದನ್ನೇ ಬೆಂಬಲಿಸುತ್ತವೆ. ಇಂಟೆಲ್ ಚಿಪ್ ಇರುವ ಹಳೇ ಮ್ಯಾಕ್ ಯಾರಾದರೂ ಅಗ್ಗಕ್ಕೆ ಕೊಡ್ತೀನಿ ಅಂದರೆ ನಮಸ್ಕಾರ ಹೇಳಿ ಬನ್ನಿ. 2025ರಲ್ಲಿ ಬಂದ ಟಾಹೋ ಅವಕ್ಕೆ ಕೊನೆಯ ಮ್ಯಾಕ್‌ಓಎಸ್.

ಲಿನಕ್ಸ್ ನನ್ನ ಸ್ವಂತ ಆಯ್ಕೆ, ಅದಕ್ಕೇ ಸ್ವಲ್ಪ ಎಚ್ಚರದಿಂದ ಹೇಳುತ್ತೇನೆ. ಲಿನಕ್ಸ್‌ನ ಒಂದು ರೂಪವಾದ ಉಬುಂಟು 24.04ಕ್ಕೆ ಐದು ವರ್ಷ ಅಪ್‌ಡೇಟ್ ಇದೆ, ದುಡ್ಡಿಲ್ಲ, ಹಗುರ. ತೊಂದರೆ ಬರುವುದು ಹೊಚ್ಚ ಹೊಸ ತೆಳು ಮಾಡೆಲ್‌ಗಳಲ್ಲಿ. ಬೆರಳಚ್ಚು ಓದುವ ಸೆನ್ಸರ್ ಕೆಲಸ ಮಾಡದೇ ಇರಬಹುದು. ಕೆಲವು ಇಂಟೆಲ್ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕ್ಯಾಮೆರಾ ಹಳೆಯ ಹಾಗೆ ಒಳಗಿನ ಯುಎಸ್‌ಬಿ ಮೂಲಕ ಬರುವುದಿಲ್ಲ, ಬೇರೆ ದಾರಿಯಲ್ಲಿ ಬರುತ್ತದೆ, ಅಂಥದ್ದು ಲಿನಕ್ಸ್‌ನಲ್ಲಿ ಕಣ್ಣು ಬಿಡಿಸುವಷ್ಟರಲ್ಲಿ ನಿಮ್ಮ ಭಾನುವಾರ ಮುಗಿದಿರುತ್ತದೆ. ವೈಫೈ ಚಿಪ್ ಇಂಟೆಲ್‌ನದ್ದಾದರೆ ನಿಶ್ಚಿಂತೆ. ಉಬುಂಟುವಿನವರು ತಾವೇ ಪರೀಕ್ಷಿಸಿ ಒಪ್ಪಿಕೊಂಡ ಲ್ಯಾಪ್‌ಟಾಪ್‌ಗಳ ಪಟ್ಟಿ ಇಟ್ಟಿದ್ದಾರೆ, ಅದರಲ್ಲಿರುವುದನ್ನೇ ಆರಿಸಿ. ಇಲ್ಲದಿದ್ದರೆ ಪೆನ್‌ಡ್ರೈವ್‌ಗೆ ಉಬುಂಟು ಹಾಕಿಕೊಂಡು, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ ವೈಫೈ, ಸೌಂಡ್, ಕ್ಯಾಮೆರಾ, ಮುಚ್ಚಿ ತೆಗೆದರೆ ಎಚ್ಚರ ಆಗುತ್ತದಾ ಅಂತ ನೋಡಿ. ಹೊಸ ಪೀಸ್‌ಗೆ ಅಂಗಡಿಯವರು ಒಪ್ಪುವುದಿಲ್ಲ, ಹಳೆಯದಕ್ಕೆ ಒಪ್ಪುತ್ತಾರೆ. ಹೆಚ್ಚಾಗಿ ಬ್ರೌಸರ್ ಮೇಲೆಯೇ ನಡೆಯುವ ಕ್ರೋಮ್‌ಬುಕ್ ಬಗ್ಗೆ ಒಂದೇ ಮಾತು: ಹೈಸ್ಕೂಲ್ ಮಕ್ಕಳಿಗೆ ಸಾಕು, ಮೇಲಿನ ಹಾಳೆಯಲ್ಲಿ ಒಂದು ಸಾಲಾದರೂ ಬಂದವರಿಗೆ ಸಾಲದು.

ಹಳೆಯದು ಅಂದೆನಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್ ತರುವವರು ನಮ್ಮೂರಲ್ಲಿ ಬಹಳ ಜನ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲಿನದ್ದಾಗಬೇಕು. ಐ5-7200ಯು ಅಂದರೆ ಏಳನೆಯದು, ಐ5-8250ಯು ಅಂದರೆ ಎಂಟನೆಯದು. ಆ ಒಂದು ಅಂಕಿ ನೋಡದೆ ದುಡ್ಡು ಕೊಡಬೇಡಿ. ಏಳನೆಯದೇ ಸಿಕ್ಕಿತು, ಬಹಳ ಅಗ್ಗ ಅಂದರೆ ಲಿನಕ್ಸ್ ಹಾಕಿಕೊಳ್ಳುವವರು ಮಾತ್ರ ತಗೊಳ್ಳಿ. ತೆಳುವಿಗೂ ಗಟ್ಟಿತನಕ್ಕೂ ಇರುವ ವ್ಯತ್ಯಾಸ ಇಲ್ಲೇ ಕಾಣುತ್ತದೆ: 2018ರ ಥಿಂಕ್‌ಪ್ಯಾಡ್ ಟಿ480ರಲ್ಲಿ ಎರಡು ರ‍್ಯಾಮ್ ಸ್ಲಾಟ್ ಇವೆ, ಅದೇ ಕಾಲದ ತೆಳು ಎಕ್ಸ್1 ಕಾರ್ಬನ್‌ನಲ್ಲಿ ಒಂದೂ ಇಲ್ಲ.

ಇನ್ನು ಮೆಷಿನ್. ರ‍್ಯಾಮ್ 16 ಜಿಬಿಗಿಂತ ಕೆಳಗೆ ಇಳಿಯಬೇಡಿ, ಚೌಕಾಸಿಯೇ ಇಲ್ಲ. ದುಡ್ಡು ಸಾಲದಿದ್ದರೆ ಸ್ಟೋರೇಜ್ ಕಡಿಮೆ ಮಾಡಿ, ಯಾಕೆಂದರೆ ವಿಂಡೋಸ್ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯನ್ನು ಸಾಮಾನ್ಯವಾಗಿ ಆಮೇಲೆ ಬದಲಾಯಿಸಬಹುದು. ಡಬ್ಬದ ಮೇಲೆ ಎಲ್‌ಪಿಡಿಡಿಆರ್ ಅಂತ ಇದ್ದರೆ ರ‍್ಯಾಮ್ ಬೆಸುಗೆ ಅಂತಲೇ ತಿಳಿಯಿರಿ. ಅಂಗಡಿಯಲ್ಲಿ ಡೆಮೋ ಪೀಸ್ ಇದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ. ಅಲ್ಲಿ ಫಾರ್ಮ್ ಫ್ಯಾಕ್ಟರ್ ಎದುರು 'ಸೋಡಿಮ್' ಅಂತ ಇದ್ದರೆ ತೆಗೆದು ಹಾಕಬಹುದಾದ ರ‍್ಯಾಮ್, 'ರೋ ಆಫ್ ಚಿಪ್ಸ್' ಅಂತ ಇದ್ದರೆ ಬೆಸುಗೆ. ಮಾರುವ ಹುಡುಗನ ಮಾತಿಗಿಂತ ಈ ಒಂದು ಸಾಲು ಮೇಲು.

ಪ್ರೊಸೆಸರ್ ವಿಷಯದಲ್ಲಿ ಐ5, ಐ7 ಅನ್ನುವ ದೊಡ್ಡ ಅಕ್ಷರಕ್ಕೆ ಬೀಳಬೇಡಿ, ಕೊನೆಯ ಸಣ್ಣ ಅಕ್ಷರ ನೋಡಿ. ಇಂಟೆಲ್‌ನಲ್ಲಿ ಯು ಅಂದರೆ ಸುಮಾರು 15 ವ್ಯಾಟ್‌ನ ಸಾಧು, ಪಿ ಅಂದರೆ 28, ಎಚ್ ಅಂದರೆ 45 ವ್ಯಾಟ್‌ನ ಹಸಿದ ಚಿಪ್. ತೆಳು ಡಬ್ಬದೊಳಗೆ ಎಚ್ ಹಾಕಿ ಮಾರುವುದು ಈಗಿನ ಫ್ಯಾಷನ್. ಅಂಗಡಿಯ ಎಸಿಯಲ್ಲಿ ಎರಡು ನಿಮಿಷ ಹಾರಾಡುತ್ತದೆ, ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಅರ್ಧ ಗಂಟೆ ಓಡಿದ ಮೇಲೆ ಬಿಸಿ ತಾಳಲಾರದೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಫ್ಯಾನ್ ಮಾತ್ರ ರಾಗಿ ಮಿಲ್ ಥರ ಕೂಗುತ್ತಿರುತ್ತದೆ. ಎಎಂಡಿಯಲ್ಲಿ ಇನ್ನೊಂದು ಚಮತ್ಕಾರ ಇದೆ. ರೈಜನ್ 5 7520ಯು, 7530ಯು, 7540ಯು ನೋಡಲು ಅಣ್ಣತಮ್ಮಂದಿರ ಹಾಗಿವೆ, ಆದರೆ ಮೂರನೇ ಅಂಕಿಯೇ ಒಳಗಿನ ವಿನ್ಯಾಸದ ವಯಸ್ಸು. 2 ಅಂದರೆ ಝೆನ್ 2, 3 ಅಂದರೆ ಝೆನ್ 3, 4 ಅಂದರೆ ಝೆನ್ 4. ಹೊಸ ಹೆಸರಿನಲ್ಲಿ ಹಳೇ ಅಕ್ಕಿ, ಅಷ್ಟೇ.

ಮಾಮೂಲಿ ವಿಂಡೋಸೂ ಬೇಕು, ಬ್ಯಾಟರಿಯೂ ಬೇಕು ಅನ್ನುವವರಿಗೆ ಮಧ್ಯದ ದಾರಿ ಅಂದರೆ 2024ರ ಸೆಪ್ಟೆಂಬರ್‌ನಲ್ಲಿ ಬಂದ ಇಂಟೆಲ್ ಕೋರ್ ಅಲ್ಟ್ರಾ 200ವಿ ಸಾಲು. ಇದು ಆರ್ಮ್ ಅಲ್ಲ, ಹಳೇ ಡ್ರೈವರ್‌ಗಳ ಗೋಳು ಕಡಿಮೆ. ರ‍್ಯಾಮ್ ಮಾತ್ರ ಬೋರ್ಡಿನಲ್ಲೂ ಇಲ್ಲ, ಪ್ರೊಸೆಸರ್ ಜೊತೆಗೇ ಒಂದೇ ಪ್ಯಾಕೇಜ್‌ನಲ್ಲಿ ಕೂತಿದೆ. ಹೆಸರಿನ ಕೊನೆಯ ಅಂಕಿ ಆರಾದರೆ 16 ಜಿಬಿ, ಎಂಟಾದರೆ 32 ಜಿಬಿ: 226ವಿ, 228ವಿ, ಹೀಗೆ.

ಬ್ಯಾಟರಿಗೆ ಗಂಟೆ ಲೆಕ್ಕ ಕೇಳಬೇಡಿ, ಎಷ್ಟು ವ್ಯಾಟ್‌ಅವರ್ ಅಂತ ಕೇಳಿ. 50 ವ್ಯಾಟ್‌ಅವರ್ ಬ್ಯಾಟರಿ ಇದ್ದು, ಸುಮ್ನೆ ಟೈಪ್ ಮಾಡುವಾಗ 7 ವ್ಯಾಟ್ ಎಳೆದರೆ ಏಳು ಗಂಟೆ, ವಿಡಿಯೋ ಕಾಲ್‌ನಲ್ಲಿ 15 ವ್ಯಾಟ್ ಎಳೆದರೆ ಮೂರೂ ಚಿಲ್ಲರೆ ಗಂಟೆ. ಕರೆಂಟ್ ಹೋದ ಮಧ್ಯಾಹ್ನಗಳಲ್ಲಿ ಈ ಭಾಗಾಕಾರವೇ ನಿಮ್ಮನ್ನು ಕಾಯುವುದು. ಚಾರ್ಜಿಂಗ್ ಯುಎಸ್‌ಬಿ-ಸಿ ಮೂಲಕ ಆಗಲಿ, ಆಗ 65 ವ್ಯಾಟ್‌ನ ಒಂದೇ ಚಾರ್ಜರ್ ಫೋನಿಗೂ ಲ್ಯಾಪ್‌ಟಾಪ್‌ಗೂ ಆಗುತ್ತದೆ. ಸಿ ಆಕಾರದ ಪೋರ್ಟ್ ಇದ್ದ ಮಾತ್ರಕ್ಕೆ ಅದು ಚಾರ್ಜ್ ತಗೊಳ್ಳುತ್ತದೆ ಅಂತಲ್ಲ, ಕೇಳಿ ಖಾತ್ರಿ ಮಾಡಿಕೊಳ್ಳಿ. ತೂಕ ನೋಡುವಾಗ ಚಾರ್ಜರನ್ನೂ ತಕ್ಕಡಿಗೆ ಹಾಕಿ. ನಾನು ದಿನಾ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ ಬರುವವನು, ಕ್ಯಾತ್ಸಂದ್ರದಲ್ಲೇ ಸೀಟು ತುಂಬಿರುತ್ತದೆ, ನಿಂತು ಹೆಗಲಿಗೆ ಹಾಕಿಕೊಂಡಾಗ ಅರ್ಧ ಕೆಜಿ ಏನು ಅಂತ ಗೊತ್ತಾಗುತ್ತದೆ.

ಆ ರೈಲಿನಲ್ಲೇ ಕಲಿತ ಇನ್ನೊಂದು ಪಾಠ. ಆಫೀಸಿನಲ್ಲಿ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿ ಹೊರಟೆ, ತುಮಕೂರಲ್ಲಿ ಇಳಿದು ಬ್ಯಾಗಿಗೆ ಕೈ ಹಾಕಿದರೆ ಇಸ್ತ್ರಿ ಪೆಟ್ಟಿಗೆ ಮುಟ್ಟಿದ ಹಾಗಿತ್ತು, ಬ್ಯಾಟರಿ ಕಾಲು ಭಾಗಕ್ಕೆ ಇಳಿದಿತ್ತು. ಈಗಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಮುಚ್ಚಿದಾಗ ಪೂರ್ತಿ ಮಲಗುವುದಿಲ್ಲ, ಫೋನಿನ ಹಾಗೆ ಅರೆನಿದ್ದೆಯಲ್ಲಿ ಇರುತ್ತವೆ, ನಡುವೆ ಎದ್ದು ಅಪ್‌ಡೇಟ್ ನೋಡುತ್ತವೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗಲಿ ಅಂತ ಬದಲಿಸಿ. ತೆರೆದಾಗ ಕೆಲವು ಸೆಕೆಂಡ್ ಜಾಸ್ತಿ ಆಗುತ್ತದೆ. ಆಗಲಿ ಬಿಡಿ.

ಸ್ಕ್ರೀನ್ ಬಗ್ಗೆ ನಮ್ಮ ಭಾವನ ಅನುಭವ ಕೇಳಿ. ಅವರಿಗೆ ಪಾವಗಡದ ಸೋಲಾರ್ ಪಾರ್ಕ್‌ನಲ್ಲಿ ಕೆಲಸ. 2,050 ಮೆಗಾವ್ಯಾಟ್‌ನ ಪಾರ್ಕ್ ಅಲ್ಲಿದೆ ಅಂದರೆ ಬಿಸಿಲು ಎಷ್ಟಿರಬಹುದು ಲೆಕ್ಕ ಹಾಕಿ. ಸ್ಕ್ರೀನಿನ ಬೆಳಕು 250 ನಿಟ್ಸ್ ಅಷ್ಟೇ ಇರುವ ಲ್ಯಾಪ್‌ಟಾಪ್ ಹಿಡಿದುಕೊಂಡು ಪ್ಯಾನೆಲ್‌ಗಳ ಮಧ್ಯೆ ನಿಂತರೆ ಅದರಲ್ಲಿ ತಮ್ಮ ಮುಖ ಮಾತ್ರ ಕಾಣುತ್ತಿತ್ತಂತೆ. ಹೊರಗೆ ಕೆಲಸ ಇದ್ದರೆ 400 ನಿಟ್ಸ್ ಮತ್ತು ಮ್ಯಾಟ್ ಫಿನಿಶ್ ನೋಡಿ, ಮನೆಯೊಳಗೆ 300 ಸಾಕು. 16:10 ಆಕಾರದ ಸ್ಕ್ರೀನ್ ಎಕ್ಸೆಲ್‌ನವರಿಗೆ ವರ, ಇನ್ನೂ ನಾಲ್ಕು ಸಾಲು ಕೆಳಗೆ ಕಾಣುತ್ತವೆ. 2.8ಕೆ ಓಎಲ್‌ಇಡಿ ನೋಡಲು ಚೆಂದ, ನಿಜ. ಆದರೆ ಬಿಳಿ ಹಾಳೆ ತೆರೆದು ಕೂತರೆ ಬ್ಯಾಟರಿ ಜಾಸ್ತಿ ತಿನ್ನುತ್ತದೆ, ಅಕ್ಷರ ದೊಡ್ಡದು ಮಾಡಿಕೊಂಡಾಗ ಹಳೇ ವಿಂಡೋಸ್ ಪ್ರೋಗ್ರಾಂಗಳು ಮಂಜು ಮಂಜಾಗಿ ಕಾಣಬಹುದು. ಹಳೇ ಪ್ರೋಗ್ರಾಂನಲ್ಲೇ ದಿನ ಕಳೆಯುವವರಿಗೆ ಸಾದಾ ಸ್ಕ್ರೀನೇ ಕಣ್ಣಿಗೆ ತಂಪು.

ಪಕ್ಕದ ಮನೆಯವರು ಹಾಳೆಯಲ್ಲಿ ಬರೆಯದೆ ಮರೆತದ್ದು ಒಂದಿತ್ತು: ನಂಬರ್ ಪ್ಯಾಡ್. 14 ಇಂಚಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದು ಇರುವುದಿಲ್ಲ ಅನ್ನಬಹುದು. ದಿನಾ ನೂರಾರು ವೋಚರ್ ಹಾಕುವ ಬೆರಳಿಗೆ ಮೇಲಿನ ಸಾಲಿನ ಅಂಕಿ ಶಿಕ್ಷೆ. ಅವರಿಗೆ ನಾನು 16 ಇಂಚಿನದೇ ಹೇಳಿದೆ, ತೂಕ ಸ್ವಲ್ಪ ಜಾಸ್ತಿ ಆದರೂ. ಜೊತೆಗೆ ಡಿಎಸ್‌ಸಿ ಟೋಕನ್ ಚುಚ್ಚಲು ಮಾಮೂಲಿ ಯುಎಸ್‌ಬಿ ಕಿಂಡಿ ಒಂದಾದರೂ ಇರಲಿ. ಎರಡು ಸಿ ಪೋರ್ಟ್ ಮಾತ್ರ ಇರುವ ತೆಳು ಮೆಷಿನ್ ತಗೊಂಡರೆ ಒಂದು ಹಬ್ ಬ್ಯಾಗಿನಲ್ಲಿ ಕಾಯಂ ಆಗುತ್ತದೆ, ರಿಟರ್ನ್ ಹಾಕುವ ಕೊನೆಯ ದಿನವೇ ಅದು ಮನೆಯಲ್ಲಿ ಉಳಿದಿರುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಬ್ಯಾಟರಿ ಆರೋಗ್ಯ ನೋಡದೆ ಬರಬೇಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್‌ನಿಂದ ಬ್ಯಾಟರಿ ರಿಪೋರ್ಟ್ ತೆಗೆಯಬಹುದು. ಹೊಸತರಲ್ಲಿ ಎಷ್ಟು ಹಿಡಿಯುತ್ತಿತ್ತು, ಈಗ ತುಂಬಿದರೆ ಎಷ್ಟು ಹಿಡಿಯುತ್ತದೆ ಎರಡೂ ಅದರಲ್ಲಿ ಬರುತ್ತವೆ. ಮ್ಯಾಕ್ ಆದರೆ ಸೈಕಲ್ ಎಣಿಕೆ, ಅಂದರೆ ಎಷ್ಟು ಸಲ ಪೂರ್ತಿ ಚಾರ್ಜ್ ಖರ್ಚಾಗಿದೆ ಅಂತ ನೋಡಿ, ಆಪಲ್ ಅದಕ್ಕೆ 1000 ಸೈಕಲ್ ಅಂತ ಮಿತಿ ಹೇಳಿದೆ. ಹೊಸದಾಗಲಿ ಹಳೆಯದಾಗಲಿ, ಒಂದು ಕೈಯಲ್ಲಿ ಮೂಲೆ ಹಿಡಿದು ಎತ್ತಿ, ಕೀಬೋರ್ಡ್ ಮಧ್ಯೆ ಹೆಬ್ಬೆರಳಿಂದ ಒತ್ತಿ. ಹಪ್ಪಳದ ಹಾಗೆ ಬಗ್ಗಿದರೆ ಅಲ್ಲೇ ಇಟ್ಟು ಬನ್ನಿ.

ಮನೆಗೆ ತಂದ ಮೊದಲ ದಿನ ಒಂದು ಕೆಲಸ ಮರೆಯಬೇಡಿ. ಹೊಸ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಒಳಗೆ ಹೋದರೆ ಡಿಸ್ಕ್ ತಾನಾಗಿಯೇ ಲಾಕ್ ಆಗುತ್ತದೆ, ಆ ಲಾಕ್ ತೆಗೆಯುವ ರಿಕವರಿ ಕೀ 48 ಅಂಕಿಯದು, ಆ ಅಕೌಂಟ್‌ನಲ್ಲೇ ಇರುತ್ತದೆ. ಅದನ್ನು ಒಂದು ಕಾಗದದಲ್ಲಿ ಬರೆದು ಬಿಲ್ ಜೊತೆ ಇಡಿ. ಲಿನಕ್ಸ್ ಹಾಕಲು ಮೆಷಿನ್ ಶುರುವಾಗುವ ಸೆಟ್ಟಿಂಗ್‌ಗಳ ಬಯಾಸ್‌ಗೆ ಕೈ ಹಾಕುವ ಮುಂಚೆಯಂತೂ ಕಡ್ಡಾಯ. ಅಂಗಡಿಯಲ್ಲೇ ಯಾರದ್ದೋ ಅಕೌಂಟ್‌ನಿಂದ ಸೆಟಪ್ ಮಾಡಿಸಿಕೊಂಡರೆ ಆ ಕೀ ಅವರ ಹತ್ತಿರ ಹೋಗಿರುತ್ತದೆ. ಹಾಗಾಗಿ ಸೆಟಪ್ ನೀವೇ ಮಾಡಿ. ಯಾವಾಗಲೂ ಚಾರ್ಜರ್‌ಗೆ ಸಿಕ್ಕಿಸಿ ಬಳಸುವವರು ಕಂಪನಿಯ ಆಪ್‌ನಲ್ಲಿ 80 ಪರ್ಸೆಂಟ್‌ಗೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದ್ದರೆ ಒತ್ತಿಬಿಡಿ.

ಅಕ್ಕನ ಮಗಳು ಕೊನೆಗೆ ತಗೊಂಡದ್ದು 14 ಇಂಚು, 16 ಜಿಬಿ, ಯು ಚಿಪ್, ತೆಗೆದು ಹಾಕಬಹುದಾದ ಎಸ್‌ಎಸ್‌ಡಿ, 1.4 ಕೆಜಿ. ನೀಲಿ ಸಿಗಲಿಲ್ಲ, ಬೂದಿ ಬಣ್ಣ. ಆ ಸಿಟ್ಟಿಗೆ ಮೊದಲ ವಾರವೇ ಮುಚ್ಚಳ ತುಂಬ ಸ್ಟಿಕ್ಕರ್ ಅಂಟಿಸಿಕೊಂಡಿದ್ದಾಳೆ. ಏನಾದರೂ ಅಂಟಿಸ್ಕೋ, ತಳದ ಗಾಳಿ ಕಿಂಡಿ ಮೇಲೆ ಮಾತ್ರ ಬೇಡ ಅಂದೆ. ತಿರುಗಿಸಿ ನೋಡಿದರೆ ಅಲ್ಲೂ ಎರಡು ಇದ್ದವು.